ಎಲ್ಲ ಕಾಲಂಗಳಿಗೂ ಇಂಡೆಕ್ಸ್ ಇದ್ದರೂ ಕ್ವೆರಿ ನಿಧಾನವಾಗುವುದೇಕೆ?

ಅಡಿಕೆ ವಿಕ್ರಿಯ ದಾಖಲೆಗಳಿರುವ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ತಾಲೂಕು, ಊರು ಮತ್ತು ವರ್ಷ ಕೊಟ್ಟು ಬಿಲ್ಲು ಹಾಗೂ ಪಾವತಿಗಳನ್ನು ಹುಡುಕುವ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ), ತಾಲೂಕು, ಊರು, ದಿನಾಂಕ ಈ ಮೂರೂ ಕಾಲಂಗಳಿಗೆ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿ) ಮಾಡಿದ ಮೇಲೂ ಬಹಳ ಹೊತ್ತು ತೆಗೆದುಕೊಳ್ಳುತ್ತದೆ, ಇನ್ನು ಯಾವ ಇಂಡೆಕ್ಸ್ ಬೇಕು ಎಂದು ಕೇಳಿದ್ದೀರಿ. ಶಿರಸಿ ಭಾಗದ ಸಹಕಾರಿ ಸಂಘಗಳ ಇಂಥದೇ ದಾಖಲೆಗಳನ್ನು ನೋಡಿಕೊಳ್ಳುವವನಾಗಿ ಹೇಳುತ್ತೇನೆ: ಹೊಸ ಇಂಡೆಕ್ಸ್ ಸೇರಿಸುವ ಮೊದಲು, ಎಷ್ಟು ಸಾಲುಗಳು ಸಿಗುತ್ತವೆಂದು ಡೇಟಾಬೇಸ್ ಊಹಿಸಿದೆ, ನಿಜಕ್ಕೂ ಎಷ್ಟು ಸಿಕ್ಕಿವೆ ಎಂಬುದನ್ನು ಹೋಲಿಸಿ ನೋಡಿ.

ಕ್ವೆರಿಯ ಮುಂದೆ ‘ಎಕ್ಸ್‌ಪ್ಲೇನ್ ಅನಲೈಜ್’ ಹಾಕಿ ಓಡಿಸಿದರೆ ಪ್ರತಿ ಹಂತದಲ್ಲೂ ಈ ಎರಡು ಸಂಖ್ಯೆಗಳು ಕಾಣುತ್ತವೆ. ಊಹೆಯೂ ನಿಜವಾದ ಸಂಖ್ಯೆಯೂ ಒಂದು ಸುತ್ತಿನವು, ಹಾಗಾಗಿ ನೇರವಾಗಿ ಹೋಲಿಸಬಹುದು. ನಿಜವಾದದ್ದು ಒಂದು ಸುತ್ತಿನ ಸರಾಸರಿಯಾದ್ದರಿಂದ, ಒಟ್ಟು ಎಷ್ಟು ಸಿಕ್ಕಿವೆ ಎಂದು ತಿಳಿಯಲು ಅದನ್ನು ‘ಲೂಪ್ಸ್’ ಎಂಬಲ್ಲಿರುವ ಸಂಖ್ಯೆಯಿಂದ ಗುಣಿಸಬೇಕು. ಈ ಆದೇಶ ಕ್ವೆರಿಯನ್ನು ನಿಜವಾಗಿಯೂ ನಡೆಸುತ್ತದೆ. ಅಪ್‌ಡೇಟ್, ಡಿಲೀಟ್‌ಗಳನ್ನು ಪರೀಕ್ಷಿಸುವಾಗ ‘ಬಿಗಿನ್’ ಮತ್ತು ‘ರೋಲ್‌ಬ್ಯಾಕ್’ ನಡುವೆಯೇ ಇಡಿ, ಆಗ ಆದ ಬದಲಾವಣೆಗಳು ಉಳಿಯದೆ ರದ್ದಾಗುತ್ತವೆ.

ನಿಮ್ಮ ಕ್ವೆರಿಯಲ್ಲಿ ಊಹೆ ಎರಡು ಕಡೆ ತಪ್ಪುತ್ತಿರಬೇಕು. ಟೇಬಲ್‌ನಲ್ಲಿ 1 ಕೋಟಿ ಸಾಲುಗಳಿದ್ದು, ಅವುಗಳಲ್ಲಿ 20 ಲಕ್ಷ ಶಿರಸಿ ತಾಲೂಕಿನವು, 50 ಸಾವಿರ ಹುಲೇಕಲ್ಲಿನವು ಎಂದುಕೊಳ್ಳೋಣ. ಹುಲೇಕಲ್ ಶಿರಸಿ ತಾಲೂಕಿನಲ್ಲೇ ಇದೆ ಎಂಬುದು ನಮಗೆ ಗೊತ್ತು, ಕ್ವೆರಿಯನ್ನು ಹೇಗೆ ನಡೆಸಬೇಕೆಂದು ನಿರ್ಧರಿಸುವ ಡೇಟಾಬೇಸಿನ ಭಾಗವಾದ ಪ್ಲಾನರ್‌ಗೆ ಗೊತ್ತಿಲ್ಲ. ಅದು ಎರಡೂ ಷರತ್ತುಗಳನ್ನು ಪರಸ್ಪರ ಸಂಬಂಧವಿಲ್ಲದವೆಂದು ಭಾವಿಸಿ, 50 ಸಾವಿರದ ಐದನೆಯ ಒಂದು ಭಾಗವಾದ 10 ಸಾವಿರ ಸಾಲುಗಳು ಸಿಗುತ್ತವೆಂದು ಲೆಕ್ಕ ಹಾಕುತ್ತದೆ. ಇದರ ಮೇಲೆ ನೀವು ದಿನಾಂಕದಿಂದ ವರ್ಷವನ್ನು ‘ಎಕ್ಸ್‌ಟ್ರಾಕ್ಟ್’ ಮೂಲಕ ತೆಗೆದು ಹೋಲಿಸಿದ್ದೀರಿ. ಅಂಥ ಲೆಕ್ಕದ ಫಲಿತಾಂಶಕ್ಕೆ ಅಂಕಿಅಂಶಗಳಿಲ್ಲದಿರುವುದರಿಂದ ಪ್ಲಾನರ್ ಸಾಮಾನ್ಯವಾಗಿ 200ರಲ್ಲಿ 1 ಭಾಗ ಎಂಬ ಸಿದ್ಧ ಊಹೆಯನ್ನು ಬಳಸುತ್ತದೆ, ಆಗ 10 ಸಾವಿರ 50ಕ್ಕೆ ಇಳಿಯುತ್ತದೆ. ಐದು ವರ್ಷಗಳ ದಾಖಲೆಗಳು ಸಮನಾಗಿ ಹಂಚಿದ್ದರೆ ನಿಜವಾಗಿ ಸಿಗುವುದು 10 ಸಾವಿರ. ಐವತ್ತೇ ಸಾಲುಗಳೆಂದು ನಂಬಿ ಆರಿಸಿದ ನೆಸ್ಟೆಡ್ ಲೂಪ್ (ಒಂದು ಟೇಬಲ್‌ನ ಪ್ರತಿ ಸಾಲಿಗೂ ಇನ್ನೊಂದರಲ್ಲಿ ಹುಡುಕುವ ವಿಧಾನ), ಪಾವತಿಯ ಟೇಬಲ್‌ಗೆ ಹತ್ತು ಸಾವಿರ ಸಲ ಹೋಗಿ ಬರಬೇಕಾಗುತ್ತದೆ. ವಿಳಂಬದ ಮೂಲ ಅಲ್ಲಿರುವ ಸಾಧ್ಯತೆಯೇ ಹೆಚ್ಚು.

ವರ್ಷದ ಬದಲು ದಿನಾಂಕದ ವ್ಯಾಪ್ತಿಯನ್ನೇ ಕೊಡಿ: ಆರ್ಥಿಕ ವರ್ಷವಾದರೆ 2023ರ ಏಪ್ರಿಲ್ 1 ಅಥವಾ ಅದರ ನಂತರ, ಮತ್ತು 2024ರ ಏಪ್ರಿಲ್ 1ಕ್ಕಿಂತ ಮೊದಲು. ಮಾರ್ಚ್ 31ರವರೆಗೆ ಎಂದು ‘ಬಿಟ್ವೀನ್’ ಬರೆದರೆ, ಕಾಲಂನಲ್ಲಿ ಸಮಯವೂ ಇದ್ದಾಗ, ಕೊನೆಯ ದಿನದ ಬಿಲ್ಲುಗಳು ತಪ್ಪಿಹೋಗುತ್ತವೆ. ತಾಲೂಕು ಮತ್ತು ಊರಿನ ಸಂಬಂಧವನ್ನು ತಿಳಿಸಲು 2017ರಲ್ಲಿ ಬಂದ 10ನೇ ಆವೃತ್ತಿಯಿಂದ ‘ಕ್ರಿಯೇಟ್ ಸ್ಟಾಟಿಸ್ಟಿಕ್ಸ್’ ಇದೆ. ಎರಡೂ ಕಾಲಂಗಳ ಮೇಲೆ ‘ಡಿಪೆಂಡೆನ್ಸೀಸ್’ (ಒಂದು ಕಾಲಂ ಇನ್ನೊಂದನ್ನು ಅವಲಂಬಿಸಿದೆ ಎಂಬ) ಬಗೆಯದನ್ನು ರಚಿಸಿ, ಮರೆಯದೆ ಅಂಕಿಅಂಶಗಳನ್ನು ಹೊಸದಾಗಿ ಸಂಗ್ರಹಿಸುವ ‘ಅನಲೈಜ್’ ಓಡಿಸಿ. ಊರಿನ ಹೆಸರೊಂದೇ ಸಾಕೆಂದು ತಾಲೂಕನ್ನು ಕೈಬಿಡುವುದು ಸರಿಯಲ್ಲ, ಒಂದೇ ಹೆಸರಿನ ಊರುಗಳು ಬೇರೆ ತಾಲೂಕುಗಳಲ್ಲೂ ಇರುತ್ತವೆ.

ಇಷ್ಟಾದ ಮೇಲೆ ಮೂರು ಬಿಡಿ ಇಂಡೆಕ್ಸ್‌ಗಳ ಬದಲು ತಾಲೂಕು, ಊರು, ದಿನಾಂಕ ಈ ಕ್ರಮದಲ್ಲಿ ಒಂದೇ ಇಂಡೆಕ್ಸ್ ಸಾಕಾಗಬಹುದು. ಸಮ ಎಂದು ಹೋಲಿಸುವ ಕಾಲಂಗಳು ಮೊದಲು, ವ್ಯಾಪ್ತಿಯದು ಕೊನೆಗೆ. ಅಡ್ಡಹೆಸರಿನ ಇಂಡೆಕ್ಸನ್ನು ಪ್ಲಾನರ್ ಬಳಸುತ್ತಿಲ್ಲ ಎಂಬ ನಿಮ್ಮ ದೂರಿನಲ್ಲಿ ಪ್ಲಾನರ್‌ನ ನಿರ್ಧಾರವೇ ಸರಿ: ಹೆಗಡೆ, ಭಟ್ಟ ಎಂದು ಹುಡುಕಿದರೆ ನಮ್ಮ ಕಡೆ ಟೇಬಲ್‌ನ ದೊಡ್ಡ ಪಾಲೇ ಬರುತ್ತದೆ, ಆಗ ಇಡೀ ಟೇಬಲ್ ಓದುವುದೇ ಅಗ್ಗ.

ಹಂಗಾಮಿನಲ್ಲಿ ಮತ್ತೆ ನಿಧಾನವಾದರೆ ಅಂಕಿಅಂಶಗಳು ಹಳತಾಗಿವೆಯೇ ನೋಡಿ. ಪೂರ್ವನಿಗದಿಯಂತೆ ಸುಮಾರು 10 ಪ್ರತಿಶತ ಸಾಲುಗಳು ಬದಲಾದ ಮೇಲಷ್ಟೇ ತಾನಾಗಿ ‘ಅನಲೈಜ್’ ನಡೆಯುತ್ತದೆ. 1 ಕೋಟಿ ಸಾಲುಗಳಿದ್ದರೆ 10 ಲಕ್ಷ ಬದಲಾವಣೆಗಳಾಗುವವರೆಗೆ ಈ ವರ್ಷದ ಬಿಲ್ಲುಗಳು ಅದರ ಲೆಕ್ಕಕ್ಕೆ ಸರಿಯಾಗಿ ಬಂದಿರುವುದಿಲ್ಲ. ಆ ಒಂದು ಟೇಬಲ್‌ಗೆ ಮಾತ್ರ ಈ ಮಿತಿಯನ್ನು 1 ಪ್ರತಿಶತಕ್ಕೆ ಇಳಿಸಿ.