ಹಳೆಯ ಕಣ್ಣಿನ ಹೊಲಿಗೆ ಈಗ ಚುಚ್ಚಬಹುದೇ?

ಪ್ರಶ್ನೆ: ಅಮ್ಮನಿಗೆ 14 ವರ್ಷದ ಹಿಂದೆ ಬಲಗಣ್ಣಿನ ಪೊರೆ ತೆಗೆದು ಹೊಲಿಗೆ ಹಾಕಿದ್ದರು. ಹದಿನೈದು ದಿನದಿಂದ ಮರಳು ಬಿದ್ದ ಹಾಗೆ ಚುಚ್ಚುತ್ತಿದೆ, ನೀರು ಸುರಿಯುತ್ತಿದೆ. ಕಾಫಿ ಕಣದ ಧೂಳು ಎಂದುಕೊಂಡೆವು. ಹೊಲಿಗೆ ಇನ್ನೂ ಇರುತ್ತದೆಯೇ?
– ಓದುಗರು, ಸಕಲೇಶಪುರ

ಉತ್ತರ: ಇರಬಹುದು. ಆ ದಾರ ಸಾಮಾನ್ಯವಾಗಿ 10-0 (ದಾರದ ದಪ್ಪದ ಅಳತೆ) ನೈಲಾನ್, ತಲೆಗೂದಲಿಗಿಂತ ತೆಳು. ಬೇಗ ಕರಗುವುದಿಲ್ಲ, ವರ್ಷಗಳಲ್ಲಿ ಸವೆದು ತುಂಡಾಗುತ್ತದೆ. ತುಂಡಾದ ತುದಿ ಮೇಲೆದ್ದರೆ ರೆಪ್ಪೆಗೆ ಉಜ್ಜುತ್ತದೆ. ಅದಕ್ಕೆ ಲೋಳೆ ಅಂಟಿ, ರೋಗಾಣು ಸೇರಿ, ಕರಿಗುಡ್ಡೆಯ ಅಂಚಿನಲ್ಲಿ ಬಿಳಿ ಚುಕ್ಕೆಯಾದರೆ ಅದು ಹುಣ್ಣು. ಹಾಗಾದರೆ ಅದೇ ದಿನ ಹಾಸನದ ಕಣ್ಣಿನ ವೈದ್ಯರ ಬಳಿ ಹೋಗಿ. ಇಲ್ಲದಿದ್ದರೂ ತಡಮಾಡಬೇಡಿ.

ಮನೆಯಲ್ಲಿ ಚಿಮುಟದಿಂದ ಎಳೆಯಲೇಬೇಡಿ. ಅಂಗಡಿಯಿಂದ ಸ್ಟೀರಾಯ್ಡ್ ಹನಿ ತಂದು ಹಾಕುವುದು ಇನ್ನೂ ಅಪಾಯ: ಕೆಂಪು ಇಳಿಯುತ್ತದೆ, ಒಳಗೆ ಹುಣ್ಣು ಬೆಳೆಯುತ್ತದೆ.

ತೆಗೆಯುವುದು ಕೆಲವೇ ನಿಮಿಷದ ಕೆಲಸ. ಮರಗಟ್ಟಿಸುವ ಹನಿ, ರೋಗಾಣು ಕೊಲ್ಲುವ ಪೊವಿಡೋನ್ ಅಯೋಡಿನ್ ಹಾಕಿ, ಸ್ಲಿಟ್ ಲ್ಯಾಂಪಿನಡಿ (ಕಣ್ಣು ನೋಡುವ ಸೂಕ್ಷ್ಮದರ್ಶಕ) ಸೂಜಿಯ ಮೊನೆಯಿಂದ ಕತ್ತರಿಸಿ, ಹೊರಗಿದ್ದ ಭಾಗ ಗಾಯದೊಳಗೆ ಹಾಯದಂತೆ ಎಳೆಯುತ್ತಾರೆ. ಆಮೇಲೆ ಕೆಲವು ದಿನ ಆ್ಯಂಟಿಬಯೋಟಿಕ್ ಹನಿ.

ಬಿಗಿ ಹೊಲಿಗೆ ಕರಿಗುಡ್ಡೆಯನ್ನು ಒಂದು ದಿಕ್ಕಿಗೆ ಎಳೆದು ದೃಷ್ಟಿ ಮಸುಕು ಮಾಡಿರುತ್ತದೆ. ತೆಗೆದ ಮೇಲೆ ನಂಬರು ಬದಲಾಗಬಹುದು; ಕನ್ನಡಕವನ್ನು ಕೆಲವು ವಾರ ಬಿಟ್ಟು ಮಾಡಿಸಿ.