ಸೈಕಲ್ ಪ್ರಶ್ನೋತ್ತರ: ಸೀಟಿನ ಕೆಳಗಿನ ಚೀಲ ಏಕೆ ಕಳಚಿ ಬೀಳುತ್ತದೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಸ್ಯಾಡಲ್ ಬ್ಯಾಗಿನ ಗೋಳು. ಹೋದ ಸಲವೂ ಅದೇ ಆಗಿತ್ತು. ಆದ್ದರಿಂದ ಒಮ್ಮೆ ವಿವರವಾಗಿ ಬರೆದು ಮುಗಿಸುತ್ತೇನೆ. ಚೀಲದಲ್ಲಿ ಏನೇನು ಇರಬೇಕು, ಟ್ಯೂಬ್ ಬದಲಿಸುವುದು ಹೇಗೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿಲ್ಲದವರು ಜಲ್ಲಿಯ ದಾರಿಗೆ ಇಳಿಯುವ ಮೊದಲು ಕಲಿತುಕೊಳ್ಳಲಿ, ಚೀಲದ ಮಾತು ಆಮೇಲೆ.

ಪ್ರಶ್ನೆ: ಡಾಂಬರು ರಸ್ತೆಯಲ್ಲಿ ಯಾವ ತೊಂದರೆಯೂ ಕೊಡದ ನನ್ನ ಸ್ಯಾಡಲ್ ಬ್ಯಾಗ್ ಕಲ್ಲುಮಣ್ಣಿನ ದಾರಿಗೆ ಇಳಿದ ಕೂಡಲೇ ಓಲಾಡುತ್ತದೆ, ಸದ್ದು ಮಾಡುತ್ತದೆ. ಒಮ್ಮೆ ಕಳಚಿಯೇ ಬಿತ್ತು. ಅಲುಗಾಡದೆ ನಿಲ್ಲುವ ಒಳ್ಳೆಯ ಬ್ಯಾಗಿನ ಹೆಸರು ಹೇಳಿ.

ಉತ್ತರ: ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಅದನ್ನು ಕೊಂಡು, ಈಗ ಕಟ್ಟಿದಂತೆಯೇ ಕಟ್ಟಿ, ಮುಂದಿನ ತಿಂಗಳು ಮತ್ತೆ ಬರೆಯುತ್ತೀರಿ.

ಮೊದಲು ಆ ಚೀಲಕ್ಕೆ ಏನಾಗುತ್ತಿದೆ ಎಂದು ನೋಡಿ. ಒರಟು ದಾರಿಯಲ್ಲಿ ಹಿಂದಿನ ಚಕ್ರಕ್ಕೆ ಬೀಳುವ ಪ್ರತಿ ಏಟಿಗೂ ಚೀಲ ಮೇಲಕ್ಕೆ ಹಾರಲು ನೋಡುತ್ತದೆ, ಮರುಕ್ಷಣ ಕೆಳಕ್ಕೆ ಕುಸಿಯುತ್ತದೆ. ಆ ಕ್ಷಣಕ್ಕೆ ಅದರ ಭಾರ ಹಲವು ಪಟ್ಟು ಹೆಚ್ಚಿದಂತೆಯೇ ಸರಿ. ಪಟ್ಟಿ ಬಿಗಿಯಾಗಿದ್ದರೆ ಚೀಲ ಸೀಟಿನ ಜೊತೆಯಲ್ಲೇ ಏರಿಳಿಯುತ್ತದೆ, ಅಲ್ಲಿಗೆ ಮುಗಿಯಿತು. ಎರಡು ಮೂರು ಮಿಲಿಮೀಟರ್ ಸಡಿಲವಿದ್ದರೂ ಸಾಕು, ಆ ಸಂದಿನಲ್ಲಿ ಚೀಲ ವೇಗ ಪಡೆದು ಪಟ್ಟಿಗೆ ಬಡಿಯುತ್ತದೆ. ಬಡಿತದಿಂದ ಪಟ್ಟಿ ಇನ್ನಷ್ಟು ಸಡಿಲವಾಗುತ್ತದೆ, ಸಡಿಲವಾದಷ್ಟೂ ಬಡಿತ ಜೋರಾಗುತ್ತದೆ. ಚೀಲ ಒಮ್ಮೆಲೇ ಬೀಳುವುದಿಲ್ಲ. ಗಂಟೆಗಟ್ಟಲೆ ಮುನ್ಸೂಚನೆ ಕೊಟ್ಟೇ ಬೀಳುತ್ತದೆ. ನೀವು ಆ ಸದ್ದನ್ನು ಕೇಳಿಯೂ ಇಳಿದು ನೋಡಲಿಲ್ಲ, ಅಷ್ಟೇ.

ಸಡಿಲ ಹೊರಗೆ ಮಾತ್ರ ಇರುವುದಿಲ್ಲ. ಚೀಲದ ಒಳಗೂ ಇರುತ್ತದೆ, ಹೆಚ್ಚಿನವರು ಮರೆಯುವುದು ಅದನ್ನೇ. ಅರ್ಧ ತುಂಬಿದ ಒಂದು ಲೀಟರಿನ ಚೀಲಕ್ಕಿಂತ ಕಿಕ್ಕಿರಿದು ತುಂಬಿದ ಅರ್ಧ ಲೀಟರಿನ ಚೀಲ ಎಷ್ಟೋ ಮೇಲು. ‘ಮುಂದೆ ಬೇಕಾದೀತು’ ಎಂದು ದೊಡ್ಡದನ್ನು ಕೊಳ್ಳುವವರಿಗೆ ನನ್ನ ಬಳಿ ಮದ್ದಿಲ್ಲ. ಒಯ್ಯುವ ಸಾಮಾನನ್ನು ಮೊದಲು ಮೇಜಿನ ಮೇಲೆ ಜೋಡಿಸಿ, ಅದಕ್ಕೆ ತಕ್ಕ ಚೀಲ ಹುಡುಕಿ.

ಇನ್ನು ಪಟ್ಟಿ. ಚೀಲಕ್ಕೆ ಹೊಲಿದ ಪಟ್ಟಿಯನ್ನು ಸೀಟಿನ ಅಡಿಯ ಎರಡು ಕಂಬಿಗಳಿಗೆ ಕಟ್ಟುವ ಬಗೆಯಲ್ಲಿ ಭಾರವೆಲ್ಲ ಹೊಲಿಗೆಯ ಮೇಲೆ ಬೀಳುತ್ತದೆ. ಇಡೀ ಚೀಲವನ್ನು ಸುತ್ತಿ, ಎರಡೂ ಕಂಬಿಗಳ ಮೇಲಿಂದ ಹಾದುಬರುವ ಪಟ್ಟಿ ಹಾಗಲ್ಲ. ಅದನ್ನು ಎಳೆದಷ್ಟೂ ಒಳಗಿನ ಸಾಮಾನು ಒತ್ತಿಕೊಂಡು ಒಂದೇ ಗಟ್ಟಿಯಾಗುತ್ತದೆ, ಒಳಗಿನ ಸಡಿಲವೂ ಹೊರಗಿನ ಸಡಿಲವೂ ಒಟ್ಟಿಗೇ ಹೋಗುತ್ತವೆ. ಸಾಮಾನನ್ನು ಬಟ್ಟೆಯೊಳಗೆ ಸುರುಳಿ ಸುತ್ತಿ ಪಟ್ಟಿಯಿಂದ ಬಿಗಿಯುವ ಮಾದರಿಯ ಚೀಲಗಳು ಒರಟು ದಾರಿಯಲ್ಲಿ ಬಾಳುವುದು ಇದೇ ಕಾರಣಕ್ಕೆ. ಅವುಗಳಲ್ಲಿ ಝಿಪ್ ಇಲ್ಲದಿರುವುದು ಇನ್ನೊಂದು ಲಾಭ. ದೂಳು ಹೊಕ್ಕ ಝಿಪ್ಪಿನ ಹಲ್ಲುಗಳು ಸವೆದು ಬಾಯಿಬಿಡುವುದನ್ನು ಬೇಕಾದಷ್ಟು ಕಂಡಿದ್ದೇನೆ.

ವೆಲ್‌ಕ್ರೋ ಕೆಟ್ಟದ್ದಲ್ಲ, ಅದನ್ನು ಬಳಸುವ ರೀತಿ ಕೆಟ್ಟದ್ದು. ಎರಡು ಮುಖಗಳನ್ನು ಪರಸ್ಪರ ಜಾರುವಂತೆ ಎಳೆದರೆ ಅದು ಬಲವಾಗಿ ಹಿಡಿಯುತ್ತದೆ, ತುದಿಯಿಂದ ಸುಲಿದರೆ ಸಲೀಸಾಗಿ ಬಿಟ್ಟುಕೊಡುತ್ತದೆ. ಆದ್ದರಿಂದ ಪಟ್ಟಿ ಬಳೆಯೊಂದರ ಮೂಲಕ ಹಾದು, ಹಿಂದಕ್ಕೆ ಮಡಚಿ, ಉದ್ದಕ್ಕೆ ಅಂಟಿಕೊಳ್ಳುವಂತಿರಬೇಕು. ಬೆರಳಗಲದಷ್ಟು ಮಾತ್ರ ಅಂಟಿಸಿ ತುದಿಯನ್ನು ಹಾರಾಡಲು ಬಿಟ್ಟರೆ ತೊಡೆ ತಾಗಿಯೇ ಬಿಚ್ಚಿಕೊಳ್ಳುತ್ತದೆ. ಕೆಸರು ಒಣಗಿ ಕೊಕ್ಕೆಗಳು ಮುಚ್ಚಿಹೋದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಕೆಸರಿನಲ್ಲೇ ಹೆಚ್ಚು ಓಡಾಡುವವರಿಗೆ ಪಾಲಿಯುರೆಥೇನ್ ಪಟ್ಟಿ ವಾಸಿ. ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳನ್ನು ಕಟ್ಟಲು ಬಳಸುವ, ರಂಧ್ರಗಳೂ ಬಕಲ್ಲೂ ಇರುವ ಪಟ್ಟಿ ಅದು. ಒದ್ದೆಯಾದರೂ ಮಣ್ಣು ಮೆತ್ತಿದರೂ ಹಿಡಿತ ಬಿಡುವುದಿಲ್ಲ. ತಿರುಪಿ ಬಿಗಿಯುವ ತಂತಿಯ ಮಾದರಿಯೂ ಚೆನ್ನಾಗಿಯೇ ಹಿಡಿಯುತ್ತದೆ, ಅದರ ಗುಂಡಿ ಚಕ್ರದ ಕೆಸರು ನೇರವಾಗಿ ಬಡಿಯುವ ಕಡೆ ಇರಬಾರದು. ಒಂದೇ ಏಟಿಗೆ ಸಿಕ್ಕಿಸಿ ತೆಗೆಯುವ ಪ್ಲಾಸ್ಟಿಕ್ ಕ್ಲಿಪ್ಪು ಕಚೇರಿಗೆ ಹೋಗಿಬರಲು ಸಾಕು. ಒರಟು ದಾರಿಗೆ ಹೋಗುವ ನನ್ನ ಸೈಕಲ್ಲಿನ ಹತ್ತಿರಕ್ಕೂ ಅದನ್ನು ಬಿಟ್ಟುಕೊಳ್ಳುವುದಿಲ್ಲ. ಸಾಮಾನ್ಯ ಸೀಟಿನ ಕಂಬಿ 7 ಮಿ.ಮೀ. ದುಂಡಗಿನದು, ಕಾರ್ಬನ್ನಿನದು ಹೆಚ್ಚಾಗಿ 7×9 ಮಿ.ಮೀ. ಅಂಡಾಕಾರದ್ದು. ಒಂದಕ್ಕೆ ಮಾಡಿದ ಕ್ಲಿಪ್ಪು ಇನ್ನೊಂದಕ್ಕೆ ಸರಿಯಾಗಿ ಕೂರದು. ಪಟ್ಟಿಗೆ ಈ ತಕರಾರಿಲ್ಲ.

ಚೀಲದ ಮೂತಿ ಸೀಟ್‌ಪೋಸ್ಟಿಗೆ, ಅಂದರೆ ಸೀಟನ್ನು ಹೊತ್ತ ಕೊಳವೆಗೆ, ಒತ್ತಿಕೊಂಡಿರಲಿ, ಇಲ್ಲದಿದ್ದರೆ ಅಡ್ಡಡ್ಡ ತೂಗುತ್ತದೆ. ಪೋಸ್ಟಿಗೆ ಪಟ್ಟಿ ಸುತ್ತುವ ಜಾಗದಲ್ಲಿ ರಕ್ಷಣೆಯ ಪಾರದರ್ಶಕ ಫಿಲ್ಮ್ ಅಂಟಿಸಿ. ಪಟ್ಟಿಯಡಿ ಸಿಕ್ಕಿಕೊಂಡ ಮರಳು ಉಪ್ಪುಕಾಗದದ ಕೆಲಸ ಮಾಡುತ್ತದೆ, ಕಾರ್ಬನ್ ಪೋಸ್ಟಾದರೆ ಅದು ಬಣ್ಣಕ್ಕೆ ಮಾತ್ರ ನಿಲ್ಲದು. ಏರಿಳಿಯುವ ಡ್ರಾಪರ್ ಪೋಸ್ಟ್ ಇದ್ದರೆ ಅದರ ಜಾರುವ ಭಾಗಕ್ಕೆ ಪಟ್ಟಿ ಕಟ್ಟಲೇಬೇಡಿ. ಕಂಬಿಗಳಿಗಷ್ಟೇ ಕಟ್ಟುವ ಪುಟ್ಟ ಚೀಲ ಸಾಕು, ಪೋಸ್ಟನ್ನು ಪೂರ್ತಿ ಇಳಿಸಿದಾಗ ಅದು ಟೈರಿಗೆ ತಾಗುವುದಿಲ್ಲವೆಂದು ನೋಡಿಕೊಳ್ಳಿ. ಕಂಬಿಯ ಮೇಲೆ ಪಟ್ಟಿ ಜಾರುತ್ತಿದ್ದರೆ ಹಳೆಯ ಟ್ಯೂಬಿನ ಒಂದು ತುಂಡನ್ನು ಕಂಬಿಗೆ ಸುತ್ತಿ.

ಈಗ ಪರೀಕ್ಷೆ. ಚೀಲವನ್ನು ಕೈಯಲ್ಲಿ ಹಿಡಿದು ಎಡಬಲಕ್ಕೆ ಜಗ್ಗಿ. ಚೀಲ ಮಾತ್ರ ಅಲುಗಿದರೆ ಬಿಚ್ಚಿ ಮತ್ತೆ ಕಟ್ಟಿ, ಇಡೀ ಸೈಕಲ್ಲೇ ಅಲುಗಿದರೆ ಹೊರಡಿ. ಒರಟು ದಾರಿಯಲ್ಲಿ ಮೊದಲ ಕಾಲು ಗಂಟೆ ಕಳೆದ ಮೇಲೆ ಇಳಿದು ಮತ್ತೊಮ್ಮೆ ಬಿಗಿಯಿರಿ. ಸಾಮಾನು ಅಷ್ಟರಲ್ಲಿ ಕುಲುಕಿ ಕೆಳಗೆ ಕೂತಿರುತ್ತದೆ.

ಓದುಗರೊಬ್ಬರು ತಮ್ಮ ಚೀಲವನ್ನೇ ತಂದು ತೋರಿಸಿದ್ದರು. ಬಾಯಿ ತೆರೆದರೆ ತಳದಲ್ಲಿ ನುಣ್ಣನೆಯ ಕಪ್ಪು ಪುಡಿ. ಹೊಸ ಟ್ಯೂಬಿನ ಮಡಿಕೆಯ ಮೂಲೆ ಅಲೆನ್ ಕೀಯ ತುದಿಗೆ ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು, ಅದರ ನಡುವೆ ಸೂಜಿಮೊನೆಯಷ್ಟು ತೂತು. ಒಮ್ಮೆಯೂ ಗಾಳಿ ಕಾಣದ ಟ್ಯೂಬು ಚೀಲದಲ್ಲೇ ಪಂಕ್ಚರ್ ಆಗಿತ್ತು! ಟ್ಯೂಬನ್ನು ಬಟ್ಟೆಯಲ್ಲೋ ಹಳೆಯ ಕಾಲುಚೀಲದಲ್ಲೋ ಸುತ್ತಿ, ವಾಲ್ವಿಗೆ ಮುಚ್ಚಳ ಹಾಕಿಡಿ, ಲೋಹದ ಸಾಮಾನನ್ನು ಬೇರೆಯಾಗಿ ಸುತ್ತಿ. ಸದ್ದೂ ನಿಲ್ಲುತ್ತದೆ, ಉಳಿದ ಸಂದೂ ತುಂಬುತ್ತದೆ.

ಇಷ್ಟು ಹೇಳಿದ ಮೇಲೂ ‘ವಿಡಿಯೋದಲ್ಲಿ ಇದೇ ಅತ್ಯುತ್ತಮ ಎಂದಿದ್ದಾರಲ್ಲ’ ಎಂದು ಕೇಳುವವರಿದ್ದಾರೆ. ಪೊಟ್ಟಣ ಬಿಚ್ಚಿ, ನಯವಾದ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ತೀರ್ಪು ಕೊಡುವವರ ಮಾತು ಅದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರೇ ಅವರಿಗೆ ಗಿರಾಕಿಗಳು. ಎರಡು ಮಳೆಗಾಲ ಕಂಡ ಚೀಲವನ್ನು ತೋರಿಸಿದರೆ ನಾನೂ ಕೂತು ನೋಡುತ್ತೇನೆ.

ಪ್ರಶ್ನೆ: ಎಲಾಸ್ಟಿಕ್ ಹಗ್ಗದಿಂದ ಇನ್ನೊಂದು ಸುತ್ತು ಬಿಗಿದರೆ ಹೆಚ್ಚು ಭದ್ರವೇ?

ಉತ್ತರ: ಇಲ್ಲ. ಹಿಗ್ಗಿ ಕುಗ್ಗುವ ಹಗ್ಗ ಕುಣಿತವನ್ನು ತಡೆಯುವುದಿಲ್ಲ, ಅದಕ್ಕೆ ತಾಳ ಹಾಕುತ್ತದೆ.

ಪ್ರಶ್ನೆ: ದೂರ ಪ್ರಯಾಣಕ್ಕೆ ಸೀಟಿನ ಹಿಂದೆ 15 ಲೀಟರಿನ ಉದ್ದನೆಯ ಚೀಲ ಕಟ್ಟಬಹುದೇ?

ಉತ್ತರ: ಕಟ್ಟಬಹುದು, ಅದರಲ್ಲಿ ಬಟ್ಟೆಬರೆ ಮಾತ್ರ ಇದ್ದರೆ. ಭಾರದ ಸಾಮಾನು ಫ್ರೇಮಿನ ತ್ರಿಕೋನದೊಳಗಿನ ಚೀಲಕ್ಕೆ ಹೋಗಲಿ. ತುಂಬಿದ ಮೇಲೆ ನೀವು ಸೀಟಿನ ಮೇಲೆ ಕುಳಿತು, ಚೀಲಕ್ಕೂ ಟೈರಿಗೂ ನಡುವೆ ನಾಲ್ಕು ಬೆರಳಾದರೂ ಜಾಗವಿದೆಯೇ ಎಂದು ಬೇರೆಯವರಿಂದ ನೋಡಿಸಿ. ಇಲ್ಲವಾದರೆ ಕ್ಯಾರಿಯರ್ ಹಾಕಿಸಿ.

ಪ್ರಶ್ನೆ: ಬ್ಯಾಗಿನ ಮೇಲೆ ಹಿಂಬದಿ ದೀಪಕ್ಕೆಂದು ಕುಣಿಕೆ ಇದೆಯಲ್ಲ?

ಉತ್ತರ: ಇದೆ. ಅಲ್ಲಿ ಸಿಕ್ಕಿಸಿದ ದೀಪ ಬಾಗಿ ನಿಮ್ಮ ಟೈರಿಗೆ ಬೆಳಕು ಕೊಡುತ್ತದೆ. ದೀಪವನ್ನು ಸೀಟ್‌ಪೋಸ್ಟಿಗೋ ಫ್ರೇಮಿಗೋ ಕಟ್ಟಿ.

ಪ್ರಶ್ನೆ: ನೀರು ಒಳಗೆ ಹೋಗುವುದಿಲ್ಲ ಎಂದು ಬರೆದಿರುವ ಬ್ಯಾಗ್ ನಂಬಬಹುದೇ?

ಉತ್ತರ: ಚಕ್ರ ಕೆಳಗಿನಿಂದ ಎರಚುವ ಕೆಸರುನೀರನ್ನು ಆ ಬರಹ ತಡೆಯುವುದಿಲ್ಲ. ಸಾಮಾನನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಒಳಗಿಡಿ.

ಪ್ರಶ್ನೆ: ಸೈಕಲ್ ನಿಲ್ಲಿಸಿ ಹೋದಾಗ ಬ್ಯಾಗಿಗೆ ಬೀಗ ಹಾಕುವುದು ಹೇಗೆ?

ಉತ್ತರ: ಬಿಚ್ಚಿ ಜೊತೆಗೆ ಒಯ್ಯಿರಿ.

ಪ್ರಶ್ನೆ: ಬ್ಯಾಗಿನ ರಗಳೆಯೇ ಬೇಡವೆಂದು ಎಲ್ಲವನ್ನೂ ಜರ್ಸಿಯ ಹಿಂದಿನ ಜೇಬಿನಲ್ಲಿ ಇಟ್ಟುಕೊಂಡರೆ?

ಉತ್ತರ: ಟ್ಯೂಬು ಇಟ್ಟುಕೊಳ್ಳಿ, ಅಡ್ಡಿಯಿಲ್ಲ. ಅಲೆನ್ ಕೀಗಳ ಗೊಂಚಲು, ಗಾಳಿ ತುಂಬುವ ಉಕ್ಕಿನ ಕಾರ್ಟ್ರಿಜ್ ಇವನ್ನು ಬೆನ್ನುಮೂಳೆಯ ಮೇಲೆ ಹೊತ್ತು ಕಲ್ಲಿನ ಇಳಿಜಾರಿಗೆ ನಾನಂತೂ ಇಳಿಯುವುದಿಲ್ಲ, ಬಿದ್ದಾಗ ಮೊದಲು ಒತ್ತುವುದು ಅವೇ. ಚೀಲ ಬೇಡವೆಂದರೆ ನೀರಿನ ಬಾಟಲಿಯ ಜಾಗದಲ್ಲಿ ಕೂರುವ ಟೂಲ್ ಡಬ್ಬ ಸಿಗುತ್ತದೆ, ಅದನ್ನು ಕೊಳ್ಳಿ. ಡಬ್ಬದೊಳಗೂ ಬಟ್ಟೆ ತುರುಕಬೇಕು, ಅದರ ಬಗ್ಗೆ ಬೇರೆ ಪತ್ರ ಬರೆಯಬೇಡಿ.