67 ಗೆದ್ದ ಮ್ಯಾವರಿಕ್ಸ್ ಸೋತಿದ್ದು ಯಾಕೆ ಅಂದ್ರೆ
ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಲ್ಲಿ 2007ರಲ್ಲಿ 67 ಮ್ಯಾಚ್ ಗೆದ್ದ ಡಲ್ಲಾಸ್ ಮ್ಯಾವರಿಕ್ಸ್, ಪ್ಲೇಆಫ್ (ಲೀಗ್ ಆದ್ಮೇಲಿನ ನಾಕೌಟ್, ಪ್ರತಿ ರೌಂಡಲ್ಲಿ ಮೊದಲು ನಾಲ್ಕು ಮ್ಯಾಚ್ ಗೆದ್ದೋರು ಮುಂದಕ್ಕೆ) ಮೊದಲ ರೌಂಡಲ್ಲೇ ವಾರಿಯರ್ಸ್‌ಗೆ ಹೆಂಗೆ ಸೋತ್ರು ಅಂತ ಕೇಳಿದ್ರಲ್ಲ, ದೊಡ್ಡ ಕಾರಣ ವಾರಿಯರ್ಸ್ ಕೋಚ್ ಡಾನ್ ನೆಲ್ಸನ್, ಅವ್ರು ಮುಂಚೆ ಡಲ್ಲಾಸ್‌ಗೇ ಕೋಚ್ ಆಗಿದ್ದೋರು, ಡಲ್ಲಾಸ್ ಸ್ಟಾರ್ ಡರ್ಕ್ ನೊವಿಟ್ಸ್ಕಿ ಆಟ ಪೂರ್ತಿ ಗೊತ್ತು. ಸ್ಟೀಫನ್ ಜಾಕ್ಸನ್ ಥರ ಚುರುಕಾಗಿರೋರನ್ನ ಡರ್ಕ್ ಮೈಮೇಲೆ ಬಿಟ್ರು, ಆ ರೌಂಡಿನ ಆರನೇ ಮ್ಯಾಚಲ್ಲಿ ಡರ್ಕ್ ಹೊಡೆದ 13 ಶಾಟಲ್ಲಿ ಬಿದ್ದಿದ್ದು ಎರಡೇ, 111-86 ಸೋಲು. ಹಿಂದಿನ ವರ್ಷ ಫೈನಲ್ಲಲ್ಲಿ 2-0 ಮುಂದಿದ್ದು ಮಯಾಮಿಗೆ ಸೋತಿದ್ದಂತೂ ಇನ್ನೂ ಹೊಟ್ಟೆ ಉರಿಸುತ್ತೆ.

ಆದ್ರೆ 2011 ನೋಡಿ ಸಾರ್, ಪ್ಲೇಆಫಲ್ಲಿ ಲೇಕರ್ಸ್ ಟೀಮ್‌ನ 4-0 ಸೋಲ್ಸಿದ್ರು, ಅದ್ರಲ್ಲಿ ಕೊನೇದು 122-86, ಡಲ್ಲಾಸ್‌ನ ಜೇಸನ್ ಟೆರ್ರಿ ಒಬ್ರೇ ಒಂಬತ್ತು ತ್ರೀ (ದೂರದಿಂದ ಹಾಕೋ ಮೂರು ಪಾಯಿಂಟ್ ಶಾಟ್) ಹಾಕಿದ್ರು, ಆಮೇಲೆ ಫೈನಲ್ಲಲ್ಲಿ ಅದೇ ಮಯಾಮಿನ 4-2 ಸೋಲ್ಸಿ ಚಾಂಪಿಯನ್! ಟೈಸನ್ ಚಾಂಡ್ಲರ್ ಟೀಮಿಗೆ ಬಂದು ಡಿಫೆನ್ಸ್ ಗಟ್ಟಿಯಾಗದೇ ಇದ್ದಿದ್ರೆ ಡರ್ಕ್ ಒಬ್ರಿಂದ ಆಗ್ತಿರ್ಲಿಲ್ಲ ಅನ್ಸುತ್ತೆ ನಂಗೆ. ಆ ಫೈನಲ್‌ನ ಎರಡನೇ ಮ್ಯಾಚ್, 15 ಪಾಯಿಂಟ್ ಹಿಂದಿದ್ದು ಗೆದ್ದಿದ್ದು, ತಪ್ಪದೇ ನೋಡಿ.